ಕನ್ನಡ ಬಲ್ಲ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಹಾದಿ

ಕಳೆದ ವರ್ಷ ಏಳನೆಯ ತರಗತಿಯ ಹುಡುಗನೊಬ್ಬನ ಇಂಗ್ಲಿಷ್ ಪುಸ್ತಕ ನನ್ನ ಕೈಗೆ ಬಂತು. ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಸಣ್ಣ ಕನ್ನಡ ಅಕ್ಷರಗಳು: ‘ದೇರ್ ವಾಸ್ ಎ ಫಾರ್ಮರ್ ಇನ್ ಎ ವಿಲೇಜ್’. ಓದು ಎಂದೆ. ಬೆರಳನ್ನು ಇಂಗ್ಲಿಷಿನ ಮೇಲೂ ಕಣ್ಣನ್ನು ಕನ್ನಡದ ಮೇಲೂ ಇಟ್ಟು ಒಂದು ಪುಟವನ್ನು ಎಡವದೆ ಓದಿದ. ಆ ರೈತನಿಗೆ ಏನಾಯಿತು ಎಂದು ಕನ್ನಡದಲ್ಲಿಯೇ ಕೇಳಿದೆ. ಕತೆಯಲ್ಲಿ ಒಬ್ಬ ರೈತನಿದ್ದಾನೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಅವನ ತಂದೆ ಮಂಡ್ಯದ ನಾಲೆ ಬಯಲಿನಲ್ಲಿ ಕಬ್ಬು ಬೆಳೆಯುವವರು.

ನಮ್ಮ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಂದರೆ ಆ ಹುಡುಗ ಆರು ವರ್ಷ ಇಂಗ್ಲಿಷ್ ಓದಿದ್ದ. ಅಷ್ಟು ದಿನಗಳಲ್ಲಿ ಒಂದು ಬಾರಿಯಾದರೂ ಇಂಗ್ಲಿಷಿನ ಮೂಲಕ ಅವನಿಗೆ ಗೊತ್ತಿಲ್ಲದ ಸಂಗತಿಯೊಂದನ್ನು ತಿಳಿದುಕೊಳ್ಳುವ ಅಗತ್ಯ ಬಿದ್ದಿತ್ತೇ ಎಂದು ಯೋಚಿಸಿದರೆ, ಇಲ್ಲ ಎಂದೇ ಹೇಳಬೇಕಾಗುತ್ತದೆ. ಆ ಅಗತ್ಯವನ್ನು ತರಗತಿಯೊಳಗೆ ಹೇಗೆ ಉಂಟುಮಾಡುವುದು ಎಂಬುದೇ ಈ ಲೇಖನದ ವಿಷಯ. ಮಂಡ್ಯ ಮತ್ತು ಮೈಸೂರಿನ ಹಳ್ಳಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರನ್ನು, ಸಂಜೆ ಮನೆಪಾಠ ಹೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ವಿಧಾನಗಳ ಕುರಿತು ಸ್ವಲ್ಪ

ನಾವು ತರಗತಿಯಲ್ಲಿ ಮಾಡುವ ಪ್ರತಿಯೊಂದು ಕೆಲಸದ ಹಿಂದೆಯೂ ಯಾವುದೋ ಒಂದು ವಿಧಾನದ ಚರಿತ್ರೆಯಿದೆ. ಪಾಠದ ಸಾಲು ಸಾಲನ್ನೂ ಕನ್ನಡಕ್ಕೆ ತಿರುಗಿಸಿ, ನಿಯಮ ಹೇಳಿ, ಪದಾರ್ಥ ಬರೆಸುವುದು ವ್ಯಾಕರಣ-ಅನುವಾದ ವಿಧಾನ. ಯುರೋಪಿನವರು ಗ್ರೀಕ್, ಲ್ಯಾಟಿನ್ ಕಲಿಸಲು ಬಳಸುತ್ತಿದ್ದುದು ಇದನ್ನೇ. ಯಾರೂ ಮಾತನಾಡದ ಭಾಷೆಯ ಗ್ರಂಥಗಳನ್ನು ಓದಲು ಅದು ಸಾಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದಕ್ಕೆ ಎದುರಾಗಿ ನೇರ ವಿಧಾನ ಬಂತು. 1878ರಲ್ಲಿ ಅಮೆರಿಕದಲ್ಲಿ ಆರಂಭವಾದ ಬರ್ಲಿಟ್ಜ್ ಶಾಲೆಗಳು ಈ ದಾರಿಯನ್ನು ಹಿಡಿದು ಹೆಸರಾದವು. ಅಲ್ಲಿ ಮಾತೃಭಾಷೆಗೆ ಪ್ರವೇಶವಿಲ್ಲ. ವಸ್ತುವನ್ನು ತೋರಿಸಿ, ನಟಿಸಿ, ಗುರಿಭಾಷೆಯಲ್ಲಿಯೇ, ಅಂದರೆ ಕಲಿಯುತ್ತಿರುವ ಭಾಷೆಯಲ್ಲಿಯೇ, ಎಲ್ಲವನ್ನೂ ನಡೆಸಬೇಕು. ನಮ್ಮ ದೇಶದಲ್ಲಿ 1950ರ ದಶಕದಿಂದ ಬೇರೂರಿದ್ದು ರಚನಾ ವಿಧಾನ. ವಾಕ್ಯಗಳ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಎಂದು ಒಕ್ಕೊರಲಿನಿಂದ ಹೇಳಿಸುವುದು. ನಾನೂ ಹಾಗೆಯೇ ಕಲಿತವಳು. 1970ರ ದಶಕದಲ್ಲಿ ಸಂವಹನ ವಿಧಾನ ಮುಂದೆ ಬಂತು. ವ್ಯಾಕರಣ ಗೊತ್ತಿದ್ದರೆ ಸಾಲದು, ಯಾರಿಗೆ ಯಾವಾಗ ಏನು ಹೇಳಬೇಕೆಂಬುದೂ ಭಾಷೆಯ ಭಾಗವೇ ಎಂಬ ಅಮೆರಿಕದ ಭಾಷಾವಿಜ್ಞಾನಿ ಡೆಲ್ ಹೈಮ್ಸ್ ಅವರ ವಾದ ಅದರ ಬುನಾದಿಗಳಲ್ಲಿ ಒಂದು.

ಇವುಗಳಲ್ಲಿ ಒಂದನ್ನು ಹಿಡಿದು ಉಳಿದವನ್ನು ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಮುದ್ದೆ ತಿರುವುವ ಕೋಲೇ ಬೇರೆ, ಮಜ್ಜಿಗೆಯ ಕಡೆಗೋಲೇ ಬೇರೆ; ಎರಡೂ ಒಂದೇ ಅಡುಗೆಮನೆಯಲ್ಲಿರುತ್ತವೆ. ಆದರೆ ಯಾವುದನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂಬುದಕ್ಕೆ ಒಂದು ಕ್ರಮವಿದೆ.

ಮೊದಲ ಹೆಜ್ಜೆ: ಮಕ್ಕಳಲ್ಲಿ ಈಗಾಗಲೇ ಇರುವುದನ್ನು ಎಣಿಸಿ

ಜೂನ್ ತಿಂಗಳಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧದ ದಿನಗಳಲ್ಲಿ ಪರೀಕ್ಷೆ ಕೊಡುವುದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದೊಂದು ಜಾಗ ಕೊಡಿ: ಹಾಲಿನ ಡೇರಿ, ಗದ್ದೆ, ಬಸ್ ನಿಲ್ದಾಣ, ಆಸ್ಪತ್ರೆ, ಅಡುಗೆಮನೆ. ಅಲ್ಲಿ ಕೇಳಿಬರುವ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡು ಬರಲಿ. ಮೋಟಾರ್, ಸ್ಟಾರ್ಟರ್, ಪೈಪ್, ವಾಲ್ವ್, ಡ್ರಿಪ್, ಟ್ರ್ಯಾಕ್ಟರ್, ಲೋಡ್, ಲೀಟರ್, ಫ್ಯಾಟ್, ಕ್ಯಾನ್, ಟಿಕೆಟ್, ಪಾಸ್, ಸ್ಟಾಪ್, ಇಂಜೆಕ್ಷನ್, ಕುಕ್ಕರ್, ಗ್ಯಾಸ್, ಮಿಕ್ಸಿ. ನನ್ನ ತರಗತಿಯಲ್ಲಿ ಎರಡು ದಿನಗಳಲ್ಲಿ ಗೋಡೆ ತುಂಬಿತು. ಇಂಗ್ಲಿಷ್ ಬರುವುದಿಲ್ಲ ಎನ್ನುತ್ತಿದ್ದ ಮಕ್ಕಳು ಆ ಗೋಡೆಯ ಮುಂದೆ ನಿಂತು ನೋಡಿದ ನೋಟವನ್ನು ನಾನು ಮರೆಯಲಾರೆ.

ಈ ಪಟ್ಟಿಯಿಂದ ಇನ್ನೊಂದು ಉಪಯೋಗವಿದೆ. ಮೊದಲ ತಿಂಗಳ ನಿಮ್ಮ ವಾಕ್ಯಗಳೆಲ್ಲ ಈ ಪದಗಳಿಂದಲೇ ಹುಟ್ಟಲಿ. ‘ದ ಮೋಟಾರ್ ಈಸ್ ಆನ್’, ‘ಓಪನ್ ದ ವಾಲ್ವ್’ ಎಂಬ ವಾಕ್ಯದಲ್ಲಿ ಮಗುವಿಗೆ ಹೊಸದಾಗಿರುವುದು ಒಂದೋ ಎರಡೋ ಪದ ಮಾತ್ರ. ತಿಳಿದಿರುವುದಕ್ಕಿಂತ ಒಂದು ಮೆಟ್ಟಿಲಷ್ಟೇ ಮೇಲಿರುವ ಮಾತು ಕಿವಿಗೆ ಬಿದ್ದಾಗ ಭಾಷೆ ಒಳಗಿಳಿಯುತ್ತದೆ ಎಂದು ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರ್ಯಾಶೆನ್ 1980ರ ದಶಕದಲ್ಲಿ ವಾದಿಸಿದರು. ಅವರ ಎಲ್ಲ ಮಾತನ್ನೂ ವಿದ್ವಾಂಸರು ಒಪ್ಪಿಲ್ಲ. ಈ ಒಂದು ಮಾತು ತರಗತಿಯಲ್ಲಿ ನಿಜವಾಗುವುದನ್ನು ನಾನು ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಬಾಯಿ ತೆರೆಸುವ ಮೊದಲು ಕಿವಿಗೆ ಸಮಯ ಕೊಡಿ

ಹುಟ್ಟಿದ ಮಗು ಒಂದು ವರ್ಷ ಕೇಳಿಸಿಕೊಂಡು ಆಮೇಲೆ ‘ಅಮ್ಮ’ ಎನ್ನುತ್ತದೆ. ನಾವು ಮೊದಲ ದಿನವೇ ಎಬ್ಬಿಸಿ ನಿಲ್ಲಿಸಿ ‘ಮೈ ನೇಮ್ ಈಸ್’ ಎಂದು ಹೇಳಿಸುತ್ತೇವೆ. ಅಂಜುವ ಮಗುವಿನ ಬಾಯಿ ಆ ಹೊತ್ತಿಗೆ ಮುಚ್ಚಿಕೊಂಡರೆ ಎಷ್ಟೋ ವರ್ಷ ತೆರೆಯುವುದಿಲ್ಲ.

ಮೊದಲ ಮೂರು ವಾರ ದಿನವೂ ಹತ್ತು ನಿಮಿಷ ನೀವು ಮಾತ್ರ ಮಾತನಾಡಿ, ಮಕ್ಕಳು ಮಾಡಿ ತೋರಿಸಲಿ. ಇದನ್ನು ಜೇಮ್ಸ್ ಆಶರ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ರೂಪಿಸಿದರು. ಅಪ್ಪಣೆ ಕೇಳಿಸಿಕೊಂಡು ಇಡೀ ದೇಹದಿಂದ ಉತ್ತರ ಕೊಡುವುದು ಇದರ ತಿರುಳು. ‘ಸ್ಟ್ಯಾಂಡ್ ಅಪ್’, ‘ವಾಕ್ ಟು ದ ಡೋರ್’, ‘ಟಚ್ ದ ವಾಲ್’ ಎಂದು ಹೇಳುತ್ತ ಮೊದಲು ನೀವೇ ಮಾಡಿ. ಎರಡನೆಯ ಸಲ ಮಕ್ಕಳ ಜೊತೆ ಮಾಡಿ. ಮೂರನೆಯ ಸಲ ನೀವು ಕೈಕಟ್ಟಿ ನಿಂತು ಬರಿಯ ಮಾತಿನಲ್ಲಿ ಹೇಳಿ. ನಾಲ್ಕನೆಯ ಸಲ ಅವರು ಹಿಂದೆಂದೂ ಕೇಳದ ಜೋಡಣೆ ಕೊಡಿ: ‘ಪುಟ್ ದ ಡಸ್ಟರ್ ಆನ್ ಯುವರ್ ಹೆಡ್ ಅಂಡ್ ವಾಕ್ ಟು ದ ವಿಂಡೋ’. ಈ ನಾಲ್ಕನೆಯ ಸುತ್ತನ್ನು ಯಾವ ಕಾರಣಕ್ಕೂ ಬಿಡಬೇಡಿ. ಅದುವರೆಗಿನದು ನೆನಪಿನ ಬಲದಿಂದ ನಡೆದಿರಬಹುದು. ಇಲ್ಲಿ ಅರ್ಥವಾದ ಮಗು ಮಾತ್ರ ನಡೆಯುತ್ತದೆ. ಮಾತನಾಡಲು ಮುಂದೆ ಬಂದವರನ್ನು ತಡೆಯಬೇಡಿ, ಸುಮ್ಮನಿರುವವರನ್ನು ಎಬ್ಬಿಸಬೇಡಿ.

ಮೂರನೆಯ ಹೆಜ್ಜೆ: ನಮ್ಮ ಸೀಮೆಯ ನಾಲಿಗೆಯನ್ನು ಅರಿತುಕೊಳ್ಳಿ

ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹೋಗು’ ‘ಓಗು’ ಆಗುತ್ತದೆ. ಅದು ಆ ನುಡಿಯ ಗುಣ, ಮಗುವಿನ ತಪ್ಪಲ್ಲ. ದಯವಿಟ್ಟು ಅದನ್ನು ಆಡಿಕೊಳ್ಳಬೇಡಿ. ಆದರೆ ಇಂಗ್ಲಿಷಿನಲ್ಲಿ ‘ಈಟ್’ ಎಂದರೆ ತಿನ್ನು, ‘ಹೀಟ್’ ಎಂದರೆ ಬಿಸಿ. ‘ಏರ್’ ಗಾಳಿ, ‘ಹೇರ್’ ಕೂದಲು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಎರಡನ್ನೂ ಹೇಳಿಸಿ. ಹಕಾರ ಇದ್ದಾಗ ಉಸಿರು ಅಂಗೈಗೆ ತಾಕುತ್ತದೆ. ಕಿವಿಗೆ ಸಿಗದ ವ್ಯತ್ಯಾಸ ಕೈಗೆ ಸಿಗುತ್ತದೆ. ಒಮ್ಮೆ ಸಿಕ್ಕ ಮೇಲೆ ಕೆಲವು ಮಕ್ಕಳು ‘ಎಗ್’ ಅನ್ನೂ ‘ಹೆಗ್’ ಎನ್ನಲು ತೊಡಗುತ್ತಾರೆ. ಗಾಬರಿ ಬೇಡ, ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಇನ್ನೆರಡು ಸಂಗತಿಗಳು ಕನ್ನಡಿಗರೆಲ್ಲರಿಗೂ ಸೇರಿದ್ದು. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುವುದರಿಂದ ಪೆನ್ ‘ಪೆನ್ನು’ ಆಗುತ್ತದೆ, ಬಸ್ ‘ಬಸ್ಸು’ ಆಗುತ್ತದೆ. ಪದದ ಆರಂಭದ ಎಕಾರಕ್ಕೆ ಯಕಾರ, ಒಕಾರಕ್ಕೆ ವಕಾರ ಅಂಟಿಕೊಂಡು ‘ಯೆಂಡ್’, ‘ವೋನ್ಲಿ’ ಎಂದು ಕೇಳಿಸುತ್ತದೆ. ಇವುಗಳಿಗೆ ದಿನಕ್ಕೆ ಮೂರು ನಿಮಿಷದ ಅಭ್ಯಾಸ ಸಾಕು. ಹಳೆಯ ರಚನಾ ವಿಧಾನದ ಒಕ್ಕೊರಲಿನ ಪುನರುಚ್ಚಾರ ನನಗೆ ಈಗಲೂ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ.

ಪುಸ್ತಕದ ಮೇಲೆ ಕನ್ನಡ ಅಕ್ಷರ ಬರೆದುಕೊಳ್ಳುವ ಅಭ್ಯಾಸದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಲಿಪಿಯಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ಬಳ್ಳಿ ಎಂಬ ಅರ್ಥದ ಪದವನ್ನೂ ದ್ರಾಕ್ಷಾರಸ ಎಂಬ ಅರ್ಥದ ಪದವನ್ನೂ ಕನ್ನಡದಲ್ಲಿ ‘ವೈನ್’ ಎಂದೇ ಬರೆಯಬೇಕು. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ಕನ್ನಡ ಅಕ್ಷರವನ್ನೇ ನಂಬಿದ ಮಗುವಿಗೆ ಈ ಭೇದ ಎಂದೂ ಕಾಣುವುದಿಲ್ಲ. ಹಾಗೆಂದು ಪೆನ್ಸಿಲ್ ಕಿತ್ತುಕೊಳ್ಳುವುದು ಕ್ರೌರ್ಯ. ಪುಸ್ತಕದ ಮೇಲೆ ಬೇಡ, ಬೇರೆ ಹಾಳೆಯಲ್ಲಿ ಬರೆದುಕೋ ಎನ್ನಿ. ದಿನಕ್ಕೆ ಎರಡು ಪದವನ್ನು ಆ ಹಾಳೆಯಿಂದ ಹೊಡೆದುಹಾಕಿಸಿ.

ನಾಲ್ಕನೆಯ ಹೆಜ್ಜೆ: ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ

ತರಗತಿಯಲ್ಲಿ ಕನ್ನಡ ಮಾತನಾಡಿದರೆ ದಂಡ ಹಾಕುವ ಶಾಲೆಗಳನ್ನು ನೋಡಿದ್ದೇನೆ. ಅದು ನನ್ನನ್ನು ನೋಯಿಸುತ್ತದೆ. ನೇರ ವಿಧಾನ ಚೆನ್ನಾಗಿ ನಡೆದದ್ದು ಚಿಕ್ಕ ಗುಂಪುಗಳಲ್ಲಿ, ಕಾಸು ಕೊಟ್ಟು ಕಲಿಯಲು ಬಂದ ವಯಸ್ಕರಿಗೆ, ಆ ಭಾಷೆಯಲ್ಲಿಯೇ ಹುಟ್ಟಿ ಬೆಳೆದ ಶಿಕ್ಷಕರಿಂದ. ನಲವತ್ತು ಮಕ್ಕಳ, ನಲವತ್ತು ನಿಮಿಷದ ಪೀರಿಯಡ್‌ಗೆ ಅದನ್ನು ತಂದು ಹೇರುವುದರಲ್ಲಿ ಅರ್ಥವಿಲ್ಲ. 1960ರ ದಶಕದಲ್ಲಿಯೇ ಸಿ.ಜೆ. ಡಾಡ್ಸನ್ ಎಂಬುವರು ದ್ವಿಭಾಷಾ ವಿಧಾನವನ್ನು ಮುಂದಿಟ್ಟು, ಅರ್ಥವನ್ನು ಮಾತೃಭಾಷೆಯಲ್ಲಿ ಕ್ಷಣದಲ್ಲಿ ಮುಟ್ಟಿಸಿ ಉಳಿದ ಸಮಯವನ್ನು ಗುರಿಭಾಷೆಯ ಬಳಕೆಗೆ ಕೊಡಿ ಎಂದರು. ಕಷ್ಟದ ವಾಕ್ಯವೊಂದು ಬಂದರೆ ಇಂಗ್ಲಿಷಿನಲ್ಲಿ ಹೇಳಿ, ಕನ್ನಡದ ಅರ್ಥವನ್ನು ಮೆಲುದನಿಯಲ್ಲಿ ಒಮ್ಮೆ ಹೇಳಿ, ಮತ್ತೆ ಇಂಗ್ಲಿಷಿನಲ್ಲಿಯೇ ಹೇಳಿ. ಮಗುವಿನ ಕಿವಿಯಲ್ಲಿ ಕೊನೆಗೆ ಉಳಿಯುವುದು ಇಂಗ್ಲಿಷ್ ಆಗಿರಲಿ.

ಕನ್ನಡದ ನಿಜವಾದ ಬಲ ವ್ಯಾಕರಣದಲ್ಲಿ ಕಾಣುತ್ತದೆ. ‘ಇವಳು ನನ್ನ ಅಕ್ಕ’ ಎಂಬ ನಮ್ಮ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ವಾಕ್ಯ ಪೂರ್ಣವಾಗಿದೆ. ಆದ್ದರಿಂದ ಮಗು ‘ಷಿ ಮೈ ಸಿಸ್ಟರ್’ ಎಂದಾಗ ಅದು ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಹಾಗೆಂದು ಮಗುವಿಗೂ ಹೇಳಿ: ‘ನಿನ್ನ ಕನ್ನಡ ಸರಿಯಾಗಿದೆ, ಇಂಗ್ಲಿಷಿಗೆ ಇಲ್ಲೊಂದು ಈಸ್ ಬೇಕು’. ನನ್ನ ಅನುಭವದಲ್ಲಿ ಹತ್ತು ಸಲ ಕೆಂಪು ಶಾಯಿಯಲ್ಲಿ ತಿದ್ದಿದ್ದಕ್ಕಿಂತ ಈ ಒಂದು ಮಾತು ಹೆಚ್ಚು ಕೆಲಸ ಮಾಡಿದೆ.

ನಾನು ತುಂಬ ಪ್ರೀತಿಯಿಂದ ಮಾಡುವ ಪಾಠವೊಂದಿದೆ, ‘ನನಗೆ’ ಎಂಬ ಪದದ ಪಾಠ. ಕರಿಹಲಗೆಯ ಎಡಗಡೆ ಐದು ಕನ್ನಡ ವಾಕ್ಯ ಬರೆಯಿರಿ: ನನಗೆ ಹಸಿವಾಗಿದೆ, ನನಗೆ ನೀರು ಬೇಕು, ನನಗೆ ಈಜು ಬರುತ್ತದೆ, ನನಗೆ ಇಬ್ಬರು ತಂಗಿಯರಿದ್ದಾರೆ, ನನಗೆ ಕೋಪ ಬಂತು. ಬಲಗಡೆ ಒಂದೊಂದಾಗಿ ಮಕ್ಕಳಿಂದಲೇ ಹೊರಡಿಸಿ: ‘ಐ ಆ್ಯಮ್ ಹಂಗ್ರಿ’, ‘ಐ ವಾಂಟ್ ವಾಟರ್’, ‘ಐ ಕ್ಯಾನ್ ಸ್ವಿಮ್’, ‘ಐ ಹ್ಯಾವ್ ಟೂ ಸಿಸ್ಟರ್ಸ್’, ‘ಐ ಗಾಟ್ ಆ್ಯಂಗ್ರಿ’. ಏನು ಕಾಣುತ್ತಿದೆ ಎಂದು ಕೇಳಿ ಸುಮ್ಮನಿರಿ. ನಮ್ಮಲ್ಲಿ ಹಸಿವು, ಕೋಪ, ಈಜು ಎಲ್ಲವೂ ತಾವಾಗಿ ನಮ್ಮ ಬಳಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ‘ಐ’ ಮುಂದೆ ನಿಂತು ಎಲ್ಲವನ್ನೂ ತಾನೇ ಹೊರುತ್ತದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ತಾನೇ ಕಂಡುಹಿಡಿದು, ‘ಮಿಸ್, ಇಂಗ್ಲಿಷಿನಲ್ಲಿ ಜ್ವರ ಬರುವುದಿಲ್ಲ, ನಾವೇ ಇಟ್ಟುಕೊಂಡಿರುತ್ತೇವೆ’ ಎಂದಳು. ‘ಐ ಹ್ಯಾವ್ ಎ ಫೀವರ್’ ಎಂಬುದನ್ನು ಆ ತರಗತಿಯಲ್ಲಿ ಮತ್ತೆ ಯಾರಿಗೂ ಕಲಿಸಬೇಕಾಗಲಿಲ್ಲ.

ವಿಭಕ್ತಿಯನ್ನೂ ಹೀಗೆಯೇ ಹೋಲಿಸಬಹುದು. ‘ಮಂಡ್ಯದಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ’ ಎಂಬ ಒಂದೇ ‘ಅಲ್ಲಿ’ಗೆ ಇಂಗ್ಲಿಷಿನಲ್ಲಿ ‘ಇನ್ ಮಂಡ್ಯ, ಅಟ್ ಹೋಮ್, ಆನ್ ದ ಬಸ್’ ಎಂದು ಮೂರು ಪದ. ನಮ್ಮದು ಹಿಂದೆ ಅಂಟುತ್ತದೆ, ಅವರದು ಮುಂದೆ ನಿಲ್ಲುತ್ತದೆ. ರಟ್ಟಿನ ಚೀಟಿಗಳಲ್ಲಿ ಪದಗಳನ್ನು ಬರೆದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ. ಕನ್ನಡ ವಾಕ್ಯದಿಂದ ಇಂಗ್ಲಿಷ್ ವಾಕ್ಯಕ್ಕೆ ಬರುವಾಗ ಕ್ರಿಯಾಪದ ಹಿಡಿದವರು ಸಾಲಿನ ಕೊನೆಯಿಂದ ಓಡಿ ಮಧ್ಯಕ್ಕೆ ಬರಬೇಕು.

ಶಿಕ್ಷಕರಿಗೆ ‘ಯು’ ಎನ್ನಲು ಹಿಂಜರಿಯುವ ಮಕ್ಕಳೂ ಇರುತ್ತಾರೆ, ಏಕವಚನದಲ್ಲಿ ಕರೆದಂತಾಗುತ್ತದೆ ಎಂಬ ಅಳುಕು. ಆ ಅಳುಕು ಗೌರವಕ್ಕೆ ಯೋಗ್ಯವಾದದ್ದು. ಇಂಗ್ಲಿಷಿನ ಬಹುವಚನ ‘ಪ್ಲೀಸ್’ನಲ್ಲಿ, ‘ಮೇ ಐ’ನಲ್ಲಿ, ‘ಕುಡ್ ಯು’ನಲ್ಲಿ ಅಡಗಿದೆ ಎಂದು ತೋರಿಸಿಕೊಡಿ.

ಐದನೆಯ ಹೆಜ್ಜೆ: ಹುಡುಕಿ ತಿಳಿಯಬೇಕಾದ ಕೆಲಸ ಕೊಡಿ

ಇದು ಎಲ್ಲಕ್ಕಿಂತ ಮುಖ್ಯ. ಇದನ್ನು ನಮ್ಮ ನೆಲದಲ್ಲಿಯೇ ಪ್ರಯೋಗ ಮಾಡಿ ನೋಡಲಾಯಿತು ಎಂಬುದು ಎಷ್ಟೋ ಶಿಕ್ಷಕರಿಗೆ ತಿಳಿಯದಿರುವುದು ನನಗೆ ಬೇಸರದ ವಿಷಯ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ಇಂದು ಜಗತ್ತು ಬೆಂಗಳೂರು ಯೋಜನೆ ಎಂದೇ ಕರೆಯುತ್ತದೆ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ನೆಲೆಯಾಗಿತ್ತು. ಮನಸ್ಸು ಅರ್ಥದ ಬೆನ್ನು ಹತ್ತಿದಾಗಲೇ ವ್ಯಾಕರಣ ಚೆನ್ನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಆದ್ದರಿಂದ ಅವರ ಪಾಠಪಟ್ಟಿಯಲ್ಲಿ ವ್ಯಾಕರಣದ ಅಂಶಗಳೂ ಇರಲಿಲ್ಲ, ಪದಗಳ ಪಟ್ಟಿಯೂ ಇರಲಿಲ್ಲ. ನಕ್ಷೆ, ವೇಳಾಪಟ್ಟಿ, ಬೆಲೆಪಟ್ಟಿ, ಲೆಕ್ಕ ಇಂಥ ಬಿಡಿಸಬೇಕಾದ ಕೆಲಸಗಳಿದ್ದವು. ಇಂದು ಕಾರ್ಯಾಧಾರಿತ ಬೋಧನೆ ಎಂದು ಹಲವು ದೇಶಗಳಲ್ಲಿ ಕಲಿಸುವುದರ ಬೇರುಗಳಲ್ಲಿ ಒಂದು ಇಲ್ಲಿದೆ.

ಕೆಲಸ ಮೂರು ಬಗೆ. ಒಬ್ಬರಿಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಮಾಹಿತಿಯ ಕೊರತೆ ತುಂಬುವ ಕೆಲಸ. ಕೊಟ್ಟ ಮಾಹಿತಿಯಿಂದ ಯೋಚಿಸಿ ಹೊಸದನ್ನು ಹೊರಡಿಸುವುದು ತರ್ಕದ ಕೆಲಸ. ತನ್ನ ಇಷ್ಟವನ್ನೋ ಅಭಿಪ್ರಾಯವನ್ನೋ ಹೇಳುವುದು ಮೂರನೆಯದು. ಪ್ರಭು ಅವರು ಹೆಚ್ಚು ನೆಚ್ಚಿದ್ದು ಎರಡನೆಯದನ್ನು, ಏಕೆಂದರೆ ಅಲ್ಲಿ ಮಗು ಮಾತಿನೊಳಕ್ಕೆ ಇಳಿಯದೆ ವಿಧಿಯಿಲ್ಲ.

ನಾನು ಮಾಡುವ ಒಂದು ಪಾಠವನ್ನು ಹಾಗೆಯೇ ಕೊಡುತ್ತೇನೆ. ಕರಿಹಲಗೆಯ ಮೇಲೆ ಮೂರು ಬಸ್ಸುಗಳ ಕಲ್ಪಿತ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಮೈಸೂರು ಬಿಡುವುದು 7.30, 8.15, 9.00, ಶ್ರೀರಂಗಪಟ್ಟಣ 8.00, 8.45, 9.30, ಮಂಡ್ಯ ತಲುಪುವುದು 8.45, 9.30, 10.15.

ಮೊದಲ ಹದಿನೈದು ನಿಮಿಷ ಇಡೀ ತರಗತಿಯೊಂದಿಗೆ ಬಾಯಿಮಾತಿನ ಪೂರ್ವಭಾವಿ ಕೆಲಸ. ‘ವೆನ್ ಡಸ್ ದ ಸೆಕೆಂಡ್ ಬಸ್ ಲೀವ್ ಮೈಸೂರು?’ ಎಂದು ಕೇಳುತ್ತೇನೆ. ‘ಎಯ್ಟ್ ಫಿಫ್ಟೀನ್’ ಎಂಬ ಉತ್ತರ ಸಾಕು. ಪೂರ್ಣ ವಾಕ್ಯದಲ್ಲಿ ಉತ್ತರಿಸು ಎಂದು ಒತ್ತಾಯಿಸುವುದು ನಮ್ಮ ಹಳೆಯ ಚಟ. ಯಾವ ಊರಿನ ಬಸ್ ನಿಲ್ದಾಣದಲ್ಲಿಯೂ ಯಾರೂ ಪೂರ್ಣ ವಾಕ್ಯದಲ್ಲಿ ಹೊತ್ತು ಹೇಳುವುದಿಲ್ಲ. ‘ಹೌ ಲಾಂಗ್ ಡಸ್ ಇಟ್ ಟೇಕ್ ಫ್ರಮ್ ಶ್ರೀರಂಗಪಟ್ಟಣ ಟು ಮಂಡ್ಯ?’ ಎಂದಾಗ ಯಾರಿಗೂ ತಿಳಿಯದಿದ್ದರೆ ಪ್ರಶ್ನೆಯನ್ನು ಒಡೆಯುತ್ತೇನೆ: ಅಲ್ಲಿಂದ ಎಷ್ಟಕ್ಕೆ ಹೊರಟಿತು, ಇಲ್ಲಿಗೆ ಎಷ್ಟಕ್ಕೆ ಬಂತು, ನಡುವೆ ಎಷ್ಟು ನಿಮಿಷ. ಎಲ್ಲವೂ ಇಂಗ್ಲಿಷಿನಲ್ಲಿಯೇ, ಕೈಸನ್ನೆಯ ಸಹಾಯದಿಂದ.

ಆಮೇಲೆ ಪ್ರತಿ ಮಗುವೂ ತಾನೇ ಮಾಡಬೇಕಾದ ಕೆಲಸ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ಲತಾ ಶ್ರೀರಂಗಪಟ್ಟಣದವಳು. ಹತ್ತು ಗಂಟೆಗೆ ಅವಳು ಮಂಡ್ಯದ ಬ್ಯಾಂಕಿನಲ್ಲಿರಬೇಕು. ನಿಲ್ದಾಣದಿಂದ ಬ್ಯಾಂಕಿಗೆ ಹದಿನೈದು ನಿಮಿಷದ ನಡಿಗೆ. ಯಾವ ಬಸ್ ಹಿಡಿಯಬೇಕು? ಬ್ಯಾಂಕಿನ ಬಾಗಿಲಲ್ಲಿ ಎಷ್ಟು ಹೊತ್ತು ಕಾಯಬೇಕು? ಆ ಬಸ್ ತಪ್ಪಿದರೆ ಎಷ್ಟು ತಡವಾಗುತ್ತದೆ? 8.45ರ ಬಸ್ ಹಿಡಿದು, ಹದಿನೈದು ನಿಮಿಷ ಕಾಯಬೇಕು. ತಪ್ಪಿದರೆ ಅರ್ಧ ಗಂಟೆ ತಡ. ಉತ್ತರ ಸರಿಯೋ ತಪ್ಪೋ ಎಂದು ಮಾತ್ರ ನೋಡಿ ಅಂಕ ಕೊಡುತ್ತೇನೆ, ಭಾಷೆಯ ತಪ್ಪಿಗೆ ಅಂಕ ಕಳೆಯುವುದಿಲ್ಲ. ಕೆಲಸ ಎಷ್ಟು ಕಠಿಣವಾಗಿರಬೇಕು ಎಂಬುದಕ್ಕೆ ಪ್ರಭು ಅವರದೇ ಒಂದು ಅಳತೆಯಿದೆ: ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡುವಂತಿರಬೇಕು. ಅದಕ್ಕಿಂತ ಕಡಿಮೆಯಾದರೆ ಮರುದಿನ ಕೆಳಗಿಳಿಯಿರಿ, ಎಲ್ಲರೂ ಎಲ್ಲವನ್ನೂ ಮಾಡಿದರೆ ಮೇಲೇರಿ.

ಒಂದು ವಿಷಯದಲ್ಲಿ ನಾನು ಅವರಿಂದ ಬೇರೆಯಾಗುತ್ತೇನೆ. ಮಕ್ಕಳು ತಮ್ಮತಮ್ಮಲ್ಲೇ ಮಾತನಾಡಿದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟೀತೆಂದು ಅವರು ಗುಂಪು ಕೆಲಸವನ್ನು ದೂರವಿಟ್ಟಿದ್ದರು. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವಿಗೆ ನನ್ನೆದುರು ಬಾರದ ಮಾತು ಪಕ್ಕದವಳೆದುರು ಬರುತ್ತದೆ. ಆದ್ದರಿಂದ ವಾರಕ್ಕೆ ಎರಡು ಬಾರಿ ಜೋಡಿಯಾಗಿ ಮಾಡಿಸುತ್ತೇನೆ: ಒಬ್ಬಳ ಕೈಯಲ್ಲಿ ಅರ್ಧ ಬೆಲೆಪಟ್ಟಿ, ಇನ್ನೊಬ್ಬಳ ಕೈಯಲ್ಲಿ ಉಳಿದರ್ಧ, ಕೇಳಿ ತುಂಬಿಕೊಳ್ಳಬೇಕು. ಮೈಸೂರಿನಲ್ಲಿ ಕಲಿಸುವವರು ದೇವರಾಜ ಮಾರುಕಟ್ಟೆಯ ಹೂವು ಹಣ್ಣಿನ ಬೆಲೆಗಳನ್ನು ಬರೆಸಿಕೊಂಡು ಬರಲಿ, ಹಳ್ಳಿಯವರು ಸಂತೆಯವನ್ನು. ಸೊಗಸಾದ ಕೆಲಸಗಳು ಪಠ್ಯಪುಸ್ತಕದ ಹೊರಗೇ ಹೆಚ್ಚು ಸಿಗುತ್ತವೆ.

ಒಂದೇ ತರಗತಿಯಲ್ಲಿ ಓದಲು ಬರುವವರೂ ಅಕ್ಷರ ತಿಳಿಯದವರೂ ಇದ್ದರೆ ಚೀಟಿಗಳನ್ನು ಮೂರು ಮಟ್ಟದಲ್ಲಿ ಮಾಡಿ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಎಂಬ ಕಲಿಕೆಯ ಕ್ರಮ ಇದನ್ನೇ ಮಾಡಿತು: ಕಾರ್ಡುಗಳ ಏಣಿ, ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು. ಚಿಕ್ಕ ತರಗತಿಗಳಿಗೆ ಹುಟ್ಟಿದ ಆ ಉಪಾಯ ದೊಡ್ಡ ತರಗತಿಯ ಇಂಗ್ಲಿಷಿಗೂ ಒಗ್ಗುತ್ತದೆ.

ಆರನೆಯ ಹೆಜ್ಜೆ: ತಿದ್ದುವುದು

ಮಗು ಮಾತನಾಡುವಾಗ ನಡುವೆ ಬಾಯಿ ಹಾಕಬೇಡಿ. ‘ಎಸ್ಟರ್ಡೇ ಐ ಗೋ ಟು ಸಂತೆ’ ಎಂದರೆ, ‘ಓ, ಯು ವೆಂಟ್ ಟು ದ ಸಂತೆ? ವಾಟ್ ಡಿಡ್ ಯು ಬೈ?’ ಎಂದು ಸರಿಯಾದ ರೂಪವನ್ನು ನಿಮ್ಮ ಮಾತಿನೊಳಗೆ ಇಟ್ಟು ಮುಂದಕ್ಕೆ ಹೋಗಿ. ಬರವಣಿಗೆಯಲ್ಲಿ ಒಂದು ವಾರ ಒಂದೇ ಬಗೆಯ ತಪ್ಪನ್ನು ತಿದ್ದಿ. ಪುಟವೆಲ್ಲ ಕೆಂಪಾದರೆ ಮಗು ಏನನ್ನೂ ಕಲಿಯದೆ ಪುಸ್ತಕ ಮುಚ್ಚುತ್ತದೆ.

ಏಳನೆಯ ಹೆಜ್ಜೆ: ಓದು, ಬರಹ, ಪರೀಕ್ಷೆ

ಶತಮಾನದ ಹಿಂದೆ ಬಂಗಾಳದಲ್ಲಿ ಕಲಿಸಿದ ಮೈಕೇಲ್ ವೆಸ್ಟ್ ಒಂದು ಮಾತು ಗಮನಿಸಿದ್ದರು. ನಡುವೆಯೇ ಶಾಲೆ ಬಿಡುವ ಮಗುವಿಗೆ ಅರ್ಧ ಕಲಿತ ಮಾತಿಗಿಂತ ಅರ್ಧ ಕಲಿತ ಓದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ಅವರ ವಿಚಾರ. ಹೊಸ ಪದಗಳನ್ನು ಲೆಕ್ಕವಿಟ್ಟು, ಒಂದೇ ಪುಟದಲ್ಲಿ ತುರುಕದೆ ಹರಡಿ ಅವರು ವಾಚಕಗಳನ್ನು, ಅಂದರೆ ಓದಿನ ಪುಸ್ತಕಗಳನ್ನು, ಸಿದ್ಧಪಡಿಸಿದರು. ನೀವೂ ಹಾಗೆ ಮಾಡಬಹುದು. ತರಗತಿಯಲ್ಲಿ ನಡೆದದ್ದನ್ನೇ ಮಕ್ಕಳಿಂದ ಹೇಳಿಸಿ ಆರು ಸಾಲಿನಲ್ಲಿ ಕರಿಹಲಗೆಯ ಮೇಲೆ ಬರೆಯಿರಿ. ಅದೇ ಆ ದಿನದ ವಾಚಕ. ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿ ಕಲಿಸಿ. ಒಬ್ಬೊಬ್ಬರನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸುವುದನ್ನು ಕಡಿಮೆ ಮಾಡಿ. ಮೌನವಾಗಿ ಓದಿ ಒಂದು ಪ್ರಶ್ನೆಗೆ ಉತ್ತರ ಹುಡುಕಲಿ.

ಬರವಣಿಗೆಗೆ ನನಗೆ ಮೆಚ್ಚಿನದು ಓಡುವ ಉಕ್ತಲೇಖನ. ಹೊರಗಿನ ಗೋಡೆಗೆ ನಾಲ್ಕು ಸಾಲು ಅಂಟಿಸಿ. ಜೋಡಿಯಲ್ಲಿ ಒಬ್ಬರು ಓಡಿಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು, ಇನ್ನೊಬ್ಬರು ಬರೆಯಬೇಕು. ಓದು, ನೆನಪು, ಮಾತು, ಕೇಳ್ಮೆ, ಬರಹ ಎಲ್ಲವೂ ಹತ್ತು ನಿಮಿಷದಲ್ಲಿ ಆಗುತ್ತವೆ.

ಹತ್ತನೆಯ ತರಗತಿಯವರಿಗೆ ಪರೀಕ್ಷೆಯ ಒತ್ತಡ ಇದ್ದೇ ಇರುತ್ತದೆ, ಗೈಡ್ ಬಾಯಿಪಾಠ ಮಾಡಿಸಬೇಕೆಂಬ ಒತ್ತಾಯವೂ ಬರುತ್ತದೆ. ಡಿಸೆಂಬರ್‌ವರೆಗೆ ಮೇಲಿನ ದಾರಿಯಲ್ಲಿಯೇ ನಡೆದು, ಜನವರಿಯಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿಯಿರಿ. ಬೆಂಗಳೂರು ಯೋಜನೆಯ ಕೊನೆಯಲ್ಲಿ ಹೊರಗಿನವರು ಬಂದು ಪರೀಕ್ಷಿಸಿದಾಗ ರಚನಾ ವಿಧಾನದಲ್ಲಿ ಕಲಿತ ಮಕ್ಕಳು ರಚನೆಯ ಪ್ರಶ್ನೆಗಳಲ್ಲಿ, ಕೆಲಸಗಳ ಮೂಲಕ ಕಲಿತವರು ಕೆಲಸದ ಪ್ರಶ್ನೆಗಳಲ್ಲಿ ಮುಂದಿದ್ದರು. ಆದ್ದರಿಂದ ಪರೀಕ್ಷೆಯ ರೂಪವನ್ನೂ ಮಕ್ಕಳಿಗೆ ಬೇರೆಯಾಗಿ ಪರಿಚಯಿಸಬೇಕಾಗುತ್ತದೆ. ಅದಕ್ಕೆ ಎರಡು ಮೂರು ತಿಂಗಳು ಸಾಕು.

ಮನೆಯಲ್ಲಿ

ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ಹೇಳಿಕೊಡಲು ಸಾಧ್ಯ ಎಂದು ತಾಯಂದಿರು ಕೇಳುತ್ತಾರೆ. ಅವರಿಗೆ ನಾನು ಕೊಡುವ ಕೆಲಸ ಎರಡು. ಇಂದು ಇಂಗ್ಲಿಷ್ ತರಗತಿಯಲ್ಲಿ ಏನಾಯಿತು ಎಂದು ಮಗುವಿನಿಂದ ಕನ್ನಡದಲ್ಲಿ ಹೇಳಿಸಿಕೊಳ್ಳುವುದು. ಅರ್ಥವಾಗಿದ್ದರೆ ಮಾತ್ರ ಅದು ಹೇಳುತ್ತದೆ. ಮತ್ತೊಂದು, ಮನೆಗೆ ಬಂದ ಗೊಬ್ಬರದ ಚೀಲ, ಬಿತ್ತನೆ ಬೀಜದ ಪೊಟ್ಟಣ, ಮಾತ್ರೆಯ ಪಟ್ಟಿಯನ್ನು ಮಗುವಿನ ಕೈಗೆ ಕೊಟ್ಟು, ತೂಕ ಎಷ್ಟು, ಬೆಲೆ ಎಷ್ಟು, ಯಾವ ತಿಂಗಳವರೆಗೆ ಬಳಸಬಹುದು ಎಂದು ಕೇಳುವುದು. ಪುಸ್ತಕದ ರೈತನನ್ನು ಗುರುತಿಸದಿದ್ದ ಆ ಹುಡುಗನ ತಂದೆಗೂ ಇದನ್ನೇ ಹೇಳಿದ್ದೆ. ದಸರೆ ರಜೆ ಮುಗಿಸಿ ಬಂದ ಹುಡುಗ, ಅಂಗಡಿಯವರು ಕೊಟ್ಟ ಕಳೆನಾಶಕದ ಬಾಟಲಿಯ ಅವಧಿ ಮುಗಿದಿತ್ತೆಂದು ಓದಿ ಹೇಳಿ ಅದನ್ನು ವಾಪಸ್ ಕೊಡಿಸಿದ್ದನ್ನು ನನಗೆ ಹೇಳಿದ.